ಯುನಿಟ್ಟಿಗೆ ಎಷ್ಟರಿ ನಿಮ್ಮೂರಾಗ?

ನಮ್ಮ ಸೋದರಮಾವನಿಗೆ ನೀವು ಮೊದಲ ಸಲ ಸಿಕ್ಕಿರೆನ್ನಿ. ಅವರು ನಿಮ್ಮ ಹೆಸರು ಕೇಳುವುದಿಲ್ಲ, ಅಡ್ಡಹೆಸರು ಕೇಳುವುದಿಲ್ಲ, ಚಹಾ ಆಯಿತೇ ಎಂದೂ ಕೇಳುವುದಿಲ್ಲ. ಬೈಲಹೊಂಗಲದಲ್ಲಿ ಹುಟ್ಟಿ ಬೆಳೆದ ಮನುಷ್ಯ ಚಹಾ ಕೇಳದಿರುವುದೆಂದರೆ ಸಣ್ಣ ಮಾತೇ? ಆದರೆ ಅವರ ಬಳಿ ಅದಕ್ಕೂ ದೊಡ್ಡ ಪ್ರಶ್ನೆಯಿದೆ.

"ಯುನಿಟ್ಟಿಗೆ ಎಷ್ಟರಿ ನಿಮ್ಮೂರಾಗ ಕರೆಂಟು?"

ಈ ಹುಚ್ಚು ಹತ್ತಿದ್ದು ಬಸ್ಸಿನಲ್ಲಿ. ಮಾಮಾ ಕಂಡಕ್ಟರ್ ಆಗಿದ್ದರು. ಒಂದು ವಾರ ಪಣಜಿ ಗಾಡಿ, ಇನ್ನೊಂದು ವಾರ ಸೊಲ್ಲಾಪುರದ ಗಾಡಿ. ಗೋವಾದವರು ಹೇಳುವ ದರ ಕೇಳಿ ಹೊಟ್ಟೆಕಿಚ್ಚು, ಮಹಾರಾಷ್ಟ್ರದವರು ಹೇಳುವ ದರ ಕೇಳಿ ಕನಿಕರ!

"ಬಸ್ಸಿಗಾದರ ಸ್ಟೇಜ್ ಐತಿ, ದೂರ ಹೋದಷ್ಟು ಟಿಕೆಟ್ ಜಾಸ್ತಿ. ಕರೆಂಟ್ ಗಡಿ ದಾಟಿದ ಕೂಡಲೆ ಹೆಂಗ ತುಟ್ಟಿ ಆಗತೈತಿ? ಹೇಳ್ರಿ ನೋಡೂಣು!" ಎಂದು ಟಿಕೆಟ್ ಕೊಡುವುದನ್ನು ಮರೆತು ಹಿಂದಿನ ಸೀಟಿನವರೆಗೂ ಕೇಳುತ್ತ ಹೋಗುತ್ತಿದ್ದರು. ಪಾಪ, ಯಾರಿಗೆ ಗೊತ್ತು? ಒಮ್ಮೆ ಸವದತ್ತಿಯಲ್ಲಿ ಹತ್ತಿದವನೊಬ್ಬ ಇವರನ್ನು ವೇಷ ಮರೆಸಿಕೊಂಡು ಬಂದ ವಿದ್ಯುತ್ ಅಧಿಕಾರಿಯೆಂದೇ ತಿಳಿದು, "ಸಾಹೇಬ್ರ, ನಾ ತಂತಿಗೆ ಕೊಕ್ಕಿ ಹಾಕಿ ಕರೆಂಟ್ ಕದಿಯೂದು ಬಿಟ್ಟು ಭಾಳ ದಿನಾ ಆತ್ರಿ" ಎಂದು ಕೈ ಮುಗಿದನಂತೆ!

ಅವರ ಮಗಳನ್ನು ನೋಡಲು ಸಾಂಗ್ಲಿಯಿಂದ ಗಂಡಿನವರು ಬಂದಾಗ ನಾನೂ ಅಲ್ಲೇ ಇದ್ದೆ. ಉಪ್ಪಿಟ್ಟು-ಶಿರಾ ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ.

"ನಿಮ್ಮ ಕಡೆ ನೂರು ಯುನಿಟ್ ದಾಟಿದ ಮ್ಯಾಲೆ ಎಷ್ಟು ಹಚ್ಚತಾರ್ರಿ?" ಎಂದು ಮಾಮಾ ಶುರು ಮಾಡಿಯೇ ಬಿಟ್ಟರು.

ಅಡುಗೆಮನೆಯಿಂದ ಅತ್ತೆ ಕೆಮ್ಮಿದರು. ಮತ್ತೆ ಕೆಮ್ಮಿದರು. ಹುಡುಗನ ತಂದೆ ಮುಖ ಗಂಟು ಹಾಕಿ, "ಹುಡುಗನ ಪಗಾರ ಕೇಳ್ರಿ, ಹೇಳತೇವಿ" ಎಂದರು.

"ಪಗಾರ ಇರ್ಲಿ ಬಿಡ್ರಿ. ಮಿಕ್ಸರ್ ತಿರುವಾಕಿ ನನ್ನ ಮಗಳು, ಇಸ್ತ್ರಿ ಮಾಡಾಕಿ ನನ್ನ ಮಗಳು. ನಾ ಕೇಳಬಾರದೇನ್ರಿ?"

ಸಂಬಂಧ ಮುರಿದೇ ಹೋಯಿತು ಎಂದು ನಾವೆಲ್ಲ ಅಂದುಕೊಳ್ಳುವಷ್ಟರಲ್ಲಿ, ಅಷ್ಟೊತ್ತೂ ತಲೆ ತಗ್ಗಿಸಿ ಕೂತಿದ್ದ ಹುಡುಗ ನೂರರವರೆಗೆ ಇಷ್ಟು, ಮುಂದಿನದಕ್ಕೆ ಇಷ್ಟು, ಮೀಟರಿನ ಬಾಡಿಗೆ ಬೇರೆ ಎಂದು ಪಾಠ ಒಪ್ಪಿಸಿದಂತೆ ಹೇಳಿಬಿಟ್ಟ. ಮಾಮಾ ಎದ್ದವರೇ ಸಂಬಂಧ ಕುದುರಿತೆಂದು ಅವನ ಬಾಯಿಗೆ ಸಕ್ಕರೆ ಹಾಕಿದರು! ಹುಡುಗಿ ಇನ್ನೂ ಒಳಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

ಮುಂದೆ ನಮ್ಮ ಸರಕಾರ ಮನೆಗಳಿಗೆ ಒಂದು ಮಿತಿಯವರೆಗೆ ಕರೆಂಟನ್ನು ಪುಕ್ಕಟೆ ಮಾಡಿತು. ಊರೆಲ್ಲ ಹಿಗ್ಗಿದರೆ ಮಾಮಾ ಸೊನ್ನೆ ಬಿಲ್ಲು ಹಿಡಿದು ಕಟ್ಟೆಯ ಮೇಲೆ ಮಂಕಾಗಿ ಕೂತರು. "ಇನ್ನ ನಾ ಯಾರ ಕೂಡ ಜಗಳಾ ತಗೀಲೋ?" ಎರಡೇ ದಿನ! ಮೂರನೆಯ ದಿನದಿಂದ ಗಡಿಯಾಚೆಯ ನೆಂಟರಿಗೆಲ್ಲ ಫೋನ್ ಮಾಡಿ ಸಂತಾಪ ಸೂಚಿಸತೊಡಗಿದರು.

ಆ ಫೋನುಗಳ ಪೆಟ್ಟು ಬಿದ್ದದ್ದು ನನಗೆ. ನಾನು ನೌಕರಿಗೆಂದು ಸೊಲ್ಲಾಪುರದಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ಅವ್ವನ ಮೊಣಕಾಲಿನ ಆಪರೇಷನ್ ಇಲ್ಲೇ ಆಯಿತು. ಸೊಲ್ಲಾಪುರದ ಬಿಸಿಲು ಗೊತ್ತಲ್ಲ? ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಕೋಣೆ ತಂಪಾಗಿರಲಿ, ಚೆನ್ನಾಗಿ ನಿದ್ದೆಯಾಗಲಿ ಎಂದಿದ್ದರು ಡಾಕ್ಟರು. ನಾನು ಏಸಿ ಹಚ್ಚಿದರೆ ಅವ್ವ ಕೂಗುವುದು: "ಆರಸು ಅದನ್ನ! ಈ ಊರಾಗ ಕರೆಂಟು ಬಂಗಾರಕ್ಕಿಂತ ತುಟ್ಟಿ ಅಂತ ನಮ್ಮಣ್ಣ ಹೇಳ್ಯಾನ."

ಮೂರು ದಿನ ಅವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಳಾಡಿದಳು. ನಾಲ್ಕನೆಯ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಾಮಾ ಬಂದಿಳಿದರು. ಇನ್ನು ಫ್ಯಾನೂ ಬಂದ್ ಎಂದುಕೊಂಡೆ! ಮಾಮಾ ಎಂದಿನಂತೆ ಮೊದಲು ನಮ್ಮ ಬಿಲ್ಲು ತೆಗೆದುಕೊಂಡು, ಚಾಳೀಸು ಮೂಗಿಗೆ ಏರಿಸಿ ಓದಿದರು. ಆಮೇಲೆ ತಂಗಿಯ ಮುಖ ನೋಡಿದರು. ಬಿಲ್ಲನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ತಂಗೀ, ನಾ ಹೇಳಿದ್ದು ಹಳೇ ರೇಟವಾ. ಈಗ ಇಲ್ಲಿ ಇಳಿಸ್ಯಾರ. ನಮ್ಮೂರಕಿಂತ ಸೋವಿ ಐತಿ."

ಅವ್ವ ಕಣ್ಣು ಕಿರಿದು ಮಾಡಿದಳು. "ನಮ್ಮೂರಾಗ ಪುಕ್ಕಟ ಐತಲ್ಲೋ ಅಣ್ಣಾ?"

ಮಾಮಾ ತಡವರಿಸಿದರು. ಕರೆಂಟಿನ ಮಾತಿನಲ್ಲಿ ಆ ಮನುಷ್ಯ ತಡವರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅದಽ... ಇಲ್ಲೂ ಪುಕ್ಕಟ ಮಾಡ್ಯಾರ. ನಿನ್ನಿ ದಿನಾನ ಮಾಡಿದ್ರು."

ಅವ್ವನ ತುಟಿಯ ಮೂಲೆಯಲ್ಲಿ ನಗೆ ಸುಳಿಯಿತು.

"ಹಂಗಾದರ ಹಚ್ಚು," ಎಂದಳು.

ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಹತ್ತಿತು. ತಂಪಿಗೆ ಪಾದಗಳು ನಿದ್ದೆಯಲ್ಲೇ ಒಂದಕ್ಕೊಂದು ಉಜ್ಜಿಕೊಂಡವು. ನಾನು ರಿಮೋಟಿಗೆ ಕೈ ಹಾಕಿದೆ. ಮಾಮಾ ಬೇಡವೆಂದು ಸನ್ನೆ ಮಾಡಿದರು. ಹೆಗಲ ಮೇಲಿನ ಶಲ್ಯ ತೆಗೆದು ಕೊಡವಿ, ಪಟ್ಟಿ ಕಟ್ಟಿದ ಮೊಣಕಾಲಿಗೆ ತಾಗದ ಹಾಗೆ, ತಂಗಿಯ ಪಾದಗಳ ಮೇಲೆ ಮೆಲ್ಲಗೆ ಹೊದಿಸಿದರು.