ಮೈದುನನ ದೋಣಿಗೆ ಹೊಸ ನೆಲ

ನಮ್ಮ ಮನೆಯಲ್ಲಿ ಏನನ್ನಾದರೂ ರಿಪೇರಿಗೆ ಬಿಚ್ಚಿದರೆ, ಅದರೊಳಗಿಂದ ಬರುವುದು ಬೇರೆಯೇ ಏನೋ. ಮಿಕ್ಸಿ ಬಿಚ್ಚಿದಾಗ ಇರುವೆ ಗೂಡು ಬಂತು, ಟಿ.ವಿ. ಬಿಚ್ಚಿದಾಗ ಹಲ್ಲಿಯ ಇಡೀ ಸಂಸಾರ ಬಂತು. ಇಂಥದ್ದನ್ನೆಲ್ಲ ಬರೆದಿಡುವುದು ನನ್ನ ಅಭ್ಯಾಸ. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುವಾಗ ಪ್ರಯೋಗದ ಪುಸ್ತಕ ಬರೆದು ಪಳಗಿದ ಕೈ, ಮೊಮ್ಮಕ್ಕಳಾದ ಮೇಲೂ ಸುಮ್ಮನೆ ಕೂರುವುದಿಲ್ಲ. ಹೋದ ಬೇಸಿಗೆಯಲ್ಲಿ ನಾವು ಬಿಚ್ಚಿದ್ದು ದೋಣಿ.

ದೋಣಿ ನನ್ನ ಮೈದುನನದು. ಸೂಳೆಕೆರೆ ನೋಡಲು ಬಂದವರನ್ನು ಅದರಲ್ಲಿ ಒಂದು ಸುತ್ತು ಹಾಕಿಸುವುದೇ ಅವನ ಜೀವನ. ಹೊರಮೈ ಫೈಬರಿನದು, ಕಾಲಿಡುವ ನೆಲ ಪ್ಲೈವುಡ್ಡಿನದು, ನೆಲದ ಕೆಳಗೆ ಫೋಮ್ ತುಂಬಿರುತ್ತಾರೆ. ನೀರು ನುಗ್ಗಿದರೂ ದೋಣಿ ಮುಳುಗಬಾರದು ಅಂತ ಆ ಫೋಮು. ವರ್ಷಗಟ್ಟಲೆ ನೀರು ಇಳಿದು ನೆಲ ಕೊಳೆತಿತ್ತು. ಹತ್ತಿದವರು ಕೇಳಿದರೆ ಮೈದುನ, "ಮೆತ್ತಗೈತ್ರಿ, ಕಾಲಿಗೆ ಹಿತ" ಅನ್ನುತ್ತಿದ್ದ. ಒಂದು ದಿನ ತಪಾಸಣೆಗೆ ಬಂದ ಸಾಹೇಬರ ಬೂಟು ಆ ಹಿತದೊಳಗೆ ಕಾಲ್ಗಿಣ್ಣಿನ ತನಕ ಇಳಿಯಿತು. ಅವರು ಬೂಟು ಕಿತ್ತುಕೊಂಡು ಹೇಳಿದ್ದಿಷ್ಟು: ನಲವತ್ತು ದಿನದೊಳಗೆ ನೆಲವನ್ನೂ ಫೋಮನ್ನೂ ಬದಲಿಸಬೇಕು, ಆಮೇಲೆ ದೋಣಿಗೆ ನೀರು ತುಂಬಿಸಿ ನೋಡುತ್ತೇವೆ, ತೇಲಿದರೆ ಪರವಾನಗಿ, ಇಲ್ಲದಿದ್ದರೆ ದೋಣಿ ದಡಕ್ಕೆ.

ಮೈದುನ ಆ ಸಂಜೆ ಊಟಕ್ಕೆ ಕೂತವನು ರೊಟ್ಟಿ ಮುರಿಯಲೇ ಇಲ್ಲ.

೧. ನೆಲದ ಕೆಳಗೆ ಸಿಕ್ಕಿದ್ದು

ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಕೆರೆಬಿಳಚಿಯ ನಮ್ಮ ಮನೆ ಕಣಕ್ಕೆ ತಂದದ್ದಾಯಿತು. ಹೊನ್ನಾಳಿಯಿಂದ ಒಬ್ಬ ಬಡಗಿಯನ್ನು ಕರೆಸಿದೆವು. ಬಾಗಿಲು, ಕಿಟಕಿ, ದೇವರ ಮಂಟಪ, ಎಲ್ಲ ಮಾಡಿದ ಕೈ ಅದು. ದೋಣಿ ಮಾಡಿದ್ದಾನಾ ಅಂತ ಕೇಳಿದೆ. ದೋಣಿ ಅಂದರೆ ಮಲಗಿಸಿದ ಬಾಗಿಲು ತಾನೆ ಅಂದ.

ಉಳಿ ಹಾಕುವ ಕೆಲಸವೇ ಬೀಳಲಿಲ್ಲ. ಪ್ಲೈವುಡ್ಡನ್ನು ಅವನು ಕೈಯಲ್ಲೇ ಮುದ್ದೆ ಮುರಿದ ಹಾಗೆ ಮುರಿದು ತೆಗೆದ. ಸಂದಿಯಲ್ಲಿ ಬಿದ್ದು ಒಳಗೆ ಸೇರಿದ್ದ ಸಾಮಾನು ಒಂದೊಂದಾಗಿ ಬಂತು. ನಾನು ಪಟ್ಟಿ ಮಾಡಿದೆ: ಬಾಚಣಿಗೆ ಮೂರು, ಎಡಗಾಲಿನ ಚಪ್ಪಲಿ ಎರಡು, ಮಗುವಿನ ಗಿಲಕಿ ಒಂದು, ಸ್ಟೀಲಿನ ಚಮಚ ಒಂದು, ಕನ್ನಡಕ ಒಂದು.

ಕನ್ನಡಕ ನಮ್ಮ ಯಜಮಾನರದು. ನಾಲ್ಕು ವರ್ಷದ ಹಿಂದೆ ಅದು ಕಾಣೆಯಾದಾಗ, ನಾನು ಅದರ ಮೇಲೆ ಕೂತು ಮುರಿದು, ಯಾರಿಗೂ ಹೇಳದೆ ಎಸೆದಿದ್ದೇನೆ ಅಂತ ನೆಂಟರ ಎದುರಿಗೆ ಹೇಳಿದ್ದರು. ಆ ಮಾತು ನನ್ನ ಪುಸ್ತಕದಲ್ಲಿ ವಾರ, ತಿಥಿ ಸಮೇತ ಇತ್ತು. ಒಳಗೆ ಹೋಗಿ ಪುಸ್ತಕ ತಂದು ಆ ಪುಟ ತೆರೆದು ಹಿಡಿದೆ.

ಕನ್ನಡಕ ಸಿಕ್ಕಿದ್ದರಿಂದ ಅವರು ತಾವೇ ಓದಿಕೊಂಡರು.

೨. ಒಣಗಿದೆಯೋ ಇಲ್ಲವೋ

ಫೋಮು ದೊಡ್ಡ ಬೆಲ್ಲದಚ್ಚಿನಂಥ ತುಂಡು ತುಂಡಾಗಿ ಬಂತು. ಒಂದು ತುಂಡು ಎತ್ತಲು ಇಬ್ಬರು ಬೇಕಾದರು. ಅಷ್ಟು ನೀರು ಕುಡಿದಿತ್ತು. ಅದನ್ನು ಎಸೆದು ಹೊಸದು ತರೋಣ ಅಂತ ನಾನು ಅಂದೆ. ಅಡಿಕೆ ವ್ಯಾಪಾರಿಯಾದ ನಮ್ಮ ಯಜಮಾನರು ಒಪ್ಪಲಿಲ್ಲ.

"ಒಣಗಿಸೋದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ" ಅಂದರು.

ಅಡಿಕೆ ಒಣಗಿಸುವ ಅಂಗಳದಲ್ಲೇ ಫೋಮನ್ನು ಹರವಿದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿದರು. ಸಂಜೆ ಮೋಡ ಕಂಡರೆ ತಾಡಪಾಲು ಹೊದಿಸಿದರು. ನಾನು ಒಂದು ತುಂಡಿಗೆ ಗುರುತು ಹಾಕಿ ದಿನಾ ಸಂಜೆ ತೂಗಿ ಬರೆದೆ. ಮೊದಲ ಮೂರು ದಿನ ತೂಕ ಇಳಿಯಿತು. ಆಮೇಲೆ ಎಂಟು ದಿನ ಇದ್ದಲ್ಲೇ ಇತ್ತು. ನನಗೆ ಕುತೂಹಲ. ಇಷ್ಟು ಬಿಸಿಲು ಹೋಗುತ್ತಿರುವುದಾದರೂ ಎಲ್ಲಿಗೆ?

ಹನ್ನೆರಡನೆಯ ದಿನ ಯಜಮಾನರು ಬಂದು ಒಂದು ತುಂಡನ್ನು ಮೂಸಿದರು, ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದರು, ಒಂದು ಚೂರು ಮುರಿದು ಹಲ್ಲಿನಲ್ಲಿ ಕಡಿದೂ ನೋಡಿದರು. ಮಾಲು ಒಣಗಿದೆ ಅಂತ ತೀರ್ಪು ಕೊಟ್ಟರು. ತೂಕದ ಪುಟ ತೋರಿಸಿದೆ. ತಕ್ಕಡಿ ಕೆಟ್ಟಿದೆ ಅಂದರು. ನಾನು ಮಾತು ಬೆಳೆಸದೆ ಈಳಿಗೆಮಣೆ ತಂದು ತುಂಡನ್ನು ನಡುವಿಗೆ ಸೀಳಿದೆ. ಹೊಟ್ಟೆಯೊಳಗಿಂದ ಕೆರೆಯ ನೀರು ಹರಿದು ಅವರ ಪಂಚೆ ನೆನೆಯಿತು.

ಅವರು ಸೀಳನ್ನು ಬೆರಳಿನಿಂದ ಒತ್ತಿ ನೋಡಿದರು. "ಮೇಲೆ ಒಣಗಲು, ಒಳಗೆ ಹಸಿ. ಇಂಥ ಮಾಲು ತಂದೋನನ್ನ ನಾನು ಅಂಗಡಿ ಮೆಟ್ಟಿಲು ಹತ್ತಿಸಾಕಿಲ್ಲ" ಅಂತ, ತಂದವನನ್ನು ಹುಡುಕುವ ಹಾಗೆ ಅತ್ತಿತ್ತ ನೋಡುತ್ತ ಒಳಗೆ ಹೋದರು.

೩. ನಡುವೆ ಯಾರು ನಿಲ್ಲಬೇಕು

ಹೊಸ ಫೋಮು ಡಬ್ಬಿಯಲ್ಲಿ ಬರುತ್ತದೆ. ಎರಡು ಬಗೆಯ ದ್ರವ. ಎರಡನ್ನೂ ಕಲಸಿ ಸುರಿದರೆ ನಾಲ್ಕೈದು ನಿಮಿಷದೊಳಗೆ ಉಬ್ಬಿ ಗಟ್ಟಿಯಾಗುತ್ತದೆ. ಜೊತೆಗಿದ್ದ ಚೀಟಿಯನ್ನು ಎಲ್ಲರಿಗೂ ಎರಡು ಸಲ ಓದಿ ಹೇಳಿದೆ. ಹಳೆಯ ಲೋಟದಲ್ಲಿ ಎರಡು ಚಮಚ ಕಲಸಿ ತೋರಿಸಿದೆ. ಲೋಟ ತುಂಬಿ, ಕಂಠ ದಾಟಿ, ಹುದುಗು ಬಂದ ಇಡ್ಲಿ ಹಿಟ್ಟಿನ ಹಾಗೆ ಹೊರಗೆ ಬಂತು. ಬಡಗಿ ಲೋಟವನ್ನು ಸುತ್ತಿ ಸುತ್ತಿ ನೋಡಿದ.

ಹೊಸ ಹಲಗೆಯ ನೆಲ ಕೂರಿಸಿ, ಅದರಲ್ಲಿ ಸುರಿಯಲು ಒಂದು ದೊಡ್ಡ ತೂತು, ಉಬ್ಬಿದ ಫೋಮು ಹೊರಬರಲು ಎಂಟು ಸಣ್ಣ ತೂತು ಕೊರೆಯುವುದು ಅಂತ ಮಾತಾಗಿತ್ತು. ಬಡಗಿ ಕೊರೆದ. ಆದರೆ ರಾತ್ರಿಯೆಲ್ಲ ಅವನಿಗೆ ಮನಸ್ಸು ಒಪ್ಪಿಲ್ಲ. ಹಳೆಯ ನೆಲ ಕೊಳೆತದ್ದೇ ತೂತಿನಿಂದ, ತಾನು ಮಾಡಿದ ಮರದ ಕೆಲಸದಲ್ಲಿ ತೂತು ಬಿಟ್ಟರೆ ಹೊನ್ನಾಳಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಬೆಳಿಗ್ಗೆ ನಾವು ಏಳುವ ಮೊದಲೇ ಎಂಟಕ್ಕೂ ಬೆಣೆ ಹೊಡೆದು, ಉಜ್ಜಿ, ಗುರುತೇ ಸಿಗದ ಹಾಗೆ ನುಣ್ಣಗೆ ಮಾಡಿದ್ದ.

ನಮಗೆ ಗೊತ್ತಿಲ್ಲ. ಮೈದುನ ಕಲಸಿದ, ಸುರಿದ. ಬಡಗಿ ದೊಡ್ಡ ತೂತಿಗೂ ಮುಚ್ಚಳ ಬಡಿದ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ನೆಲ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ನಡುವೆ ಏಳತೊಡಗಿತು. ಮೈದುನ ಹಾರಿ ಅದರ ಮೇಲೆ ನಿಂತ. ಅವನ ಸಮೇತ ಎದ್ದಿತು. ಬಡಗಿಯೂ ಹತ್ತಿದ, ಯಜಮಾನರೂ ಹತ್ತಿದರು, ನಿಲ್ಲಲಿಲ್ಲ. ಆಗ ಬಡಗಿ ಕೈಮುಗಿದು ನನ್ನ ಕಡೆ ತಿರುಗಿದ.

"ಅಮ್ಮಾರೇ, ನೀವು ಬಂದು ನಟ್ಟನಡುವೆ ನಿಂತ್ರೆ ಮಾತ್ರ ಇದು ನಿಲ್ತೈತೆ ನೋಡ್ರಿ."

ಹೋಗಿ ನಿಂತೆ. ನಿಂತಿತು. ಆ ನೆಲವನ್ನು ಮತ್ತೆ ಬಿಚ್ಚಿ, ಹೆಚ್ಚಾದ ಫೋಮನ್ನು ಗರಗಸದಲ್ಲಿ ಕೊಯ್ದು, ಹೊಸದಾಗಿ ಕೂರಿಸಲು ಐದು ದಿನ ಹಿಡಿಯಿತು. ಆದರೂ ಹೇಳಬೇಕು, ನನ್ನ ತೂಕದ ಬಗ್ಗೆ ಈ ಮನೆಯಲ್ಲಿ ಯಾರೂ ಅಷ್ಟು ಗೌರವದಿಂದ ಮಾತಾಡಿದ್ದಿಲ್ಲ.

೪. ಪಾಸಾದ ದೋಣಿ

ಮೂವತ್ತೊಂಬತ್ತನೆಯ ದಿನ ಶನಿವಾರ ಸಾಹೇಬರು ಬಂದರು. ದಡದಲ್ಲಿ ಜಾತ್ರೆಯಷ್ಟು ಜನ. ದೋಣಿಯನ್ನು ನೀರಿಗಿಳಿಸಿ, ಕೆಳಗಿನ ಬಿರಡೆ ತೆಗೆಸಿದರು. ಸಾಲದ್ದಕ್ಕೆ ಬಕೆಟ್ಟಿನಲ್ಲೂ ತುಂಬಿಸಿದರು. ಕೂರುವ ಹಲಗೆಯ ತನಕ ನೀರು ಬಂತು. ಆರು ಜನ ಹತ್ತಿ ಕೂತರು. ಮೈದುನ ದಡದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ, ನೋಡಲು ಧೈರ್ಯವಿಲ್ಲ. ದೋಣಿ ಎಮ್ಮೆಯ ಹಾಗೆ ನೀರಿನಲ್ಲಿ ಮೈಯಿಟ್ಟುಕೊಂಡು ಹಾಯಾಗಿ ನಿಂತಿತು. ಸಾಹೇಬರು ಅಲ್ಲೇ ಸಹಿ ಹಾಕಿದರು.

ಭಾನುವಾರ ಬೆಳಿಗ್ಗೆ ದೋಣಿಯ ನೀರು ತೆಗೆದು, ಒರೆಸಿ, ಹೂವಿನ ಹಾರ ಹಾಕಿ ಮೈದುನ ಕಾದು ನಿಂತ. ಮೊದಲು ಬಂದವರು ಜಗಳೂರು ಕಡೆಯ ಒಬ್ಬ ಅಜ್ಜಿ. ಬಸವಾಪಟ್ಟಣಕ್ಕೆ ಮಗಳ ಮನೆಗೆ ಬಂದವರು, ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಅವರ ಹಿಂದೆ ಇನ್ನೂ ಹತ್ತಿಪ್ಪತ್ತು ಜನ ಸಾಲಿನಲ್ಲಿದ್ದರು. ಅಜ್ಜಿ ದೋಣಿಯೊಳಗೆ ಬಗ್ಗಿ ನೋಡಿ, ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು.

"ನಿನ್ನೆ ದೋಣಿ ಎಲ್ಲೈತಪ್ಪಾ?"

ಇದೇ ಅದು ಅಂತ ಮೈದುನ ಹೇಳಿದ.

"ನಾ ನಿನ್ನೆ ಇಲ್ಲೇ ನಿಂತು ನೋಡೀನಿ. ಸಾಹೇಬ್ರು ಪಾಸ್ ಮಾಡಿದ್ದು ನೀರು ತುಂಬಿದ್ದನ್ನ. ಇದು ಖಾಲಿ ಐತಲ್ಲ, ಇದನ್ನ ಯಾರು ಪಾಸ್ ಮಾಡ್ಯಾರ?"

ಹಿಂದಿನ ಸಾಲಿನವರು ಹೌದಲ್ಲ ಅಂದರು. ಇಬ್ಬರು ಮೆಲ್ಲಗೆ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು. ಮೈದುನ ನನ್ನ ಹತ್ತಿರ ಓಡಿ ಬಂದ. "ಅತ್ತಿಗೇ, ಓದಿದೋರು ನೀವು, ಒಂದು ಮಾತು ಹೇಳ್ರಿ" ಅಂದ.

ನಾನು ಮುಂದೆ ಬಂದು, ವಸ್ತು ತೇಲುವುದು ಯಾಕೆ, ಎಷ್ಟು ನೀರನ್ನು ಅದು ಸರಿಸಬೇಕು, ತುಂಬಿದ್ದೇ ತೇಲಿದ ಮೇಲೆ ಖಾಲಿಯದು ತೇಲದೆ ಇರುತ್ತದೆಯೇ ಅಂತ ಬಿಡಿಸಿ ಹೇಳಿದೆ. ಅಜ್ಜಿ ಕೊನೆಯ ತನಕ ತಲೆದೂಗಿ ಕೇಳಿದರು. ಚೆನ್ನಾಗಿ ಹೇಳಿದೆ ತಾಯಿ ಅಂದರು. ಕಾಲು ಮಾತ್ರ ಎತ್ತಲಿಲ್ಲ.

ಮೈದುನ ಹೂವಿನ ಹಾರ ತೆಗೆದು ಬದಿಗಿಟ್ಟ. ಆಮೇಲೆ ಬಕೆಟ್ ತಗೊಂಡು ಕೆರೆಯ ನೀರನ್ನು ತಾನು ಒರೆಸಿ ಹೊಳಪು ಕೊಟ್ಟಿದ್ದ ಹೊಸ ನೆಲದ ಮೇಲೆ ಸುರಿದ. ಎಂಟು ಬಕೆಟ್ ಆಯಿತು. ಅಜ್ಜಿ ಸೀರೆ ನೆರಿಗೆ ಎತ್ತಿ ಹಿಡಿದು, ಕಾಲಿಟ್ಟು ಆಳ ನೋಡಿ, ಹತ್ತಿ ಕೂತರು. ಅವರು ಕೂತ ಮೇಲೆ ಮನೆಮಂದಿಯೂ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದರು. ಬಸ್‌ಸ್ಟ್ಯಾಂಡಿಗೆ ಹೊರಟವರು ಓಡಿ ಬಂದು ಸಾಲು ಸೇರಿದರು.

ದೋಣಿ ದಡ ಬಿಟ್ಟು ನೂರು ಮಾರು ಹೋಗಿರಬೇಕು. ಅಜ್ಜಿ ಕೆಳಗೆ ನೋಡಿಕೊಂಡು, ಗಾಬರಿಯಿಂದ ಮೈದುನನನ್ನು ಕರೆದದ್ದು ದಡದಲ್ಲಿದ್ದ ನಮಗೆಲ್ಲ ಕೇಳಿಸಿತು.

"ಏನಪ್ಪಾ, ನೀರು ಕಮ್ಮಿ ಆದಂಗೈತೆ. ಬ್ಯಾಗ ಇನ್ನೊಂದು ಬಕೆಟ್ ಹಾಕು, ಮುಳುಗಿಗಿಳುಗೇವು."