ಲಡಿ ಲಡಿಯಾಗಿ ಹೋದ ಮರ್ಯಾದೆ

ಕೆಲವರ ಮರ್ಯಾದೆ ಒಂದೇ ಸಲಕ್ಕೆ ಹೋಗಿಬಿಡುತ್ತದೆ, ಆಮೇಲೆ ಅವರು ನಿಶ್ಚಿಂತರಾಗಿ ಇರುತ್ತಾರೆ. ನನ್ನದು ಉಣ್ಣೆದಾರದ ಹಾಗೆ ಒಂದೊಂದೇ ಲಡಿಯಾಗಿ ಹೋಯಿತು, ಅದೂ ನಾಲ್ಕು ಊರಿನ ಬಜಾರುಗಳಲ್ಲಿ. ನಾನು ಸರ್ಕಾರಿ ಕಚೇರಿಯ ಕಾರಕೂನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ವರ್ಗ ಮಾಡಿದಲ್ಲೆಲ್ಲ ಟ್ರಂಕು ಹೊತ್ತುಕೊಂಡು ಹೋದವನು. ನನ್ನ ಹೆಂಡತಿಗೆ ಹೆಣಿಕೆಯ ಹುಚ್ಚು. ಓಣಿಯಲ್ಲಿ ಯಾರು ಹಡೆದರೂ ಆ ಕೂಸಿಗೆ ಇವಳದೊಂದು ಹೊದಿಕೆ ಹೋಗಲೇಬೇಕು. ಹೆಣೆಯುವವಳು ಅವಳು, ದಾರ ಆರಿಸಿ ತರುವವನು ನಾನು. ಆಗೆಲ್ಲ ನಮ್ಮ ಮನೆತನದ ಹೆಂಗಸರು ಬಜಾರಿಗೆ ಹೋಗುತ್ತಿರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೂಸಿನ ದಾರ ಕೊಳ್ಳುವ ಗಂಡಸನ್ನು ಕಂಡರೆ ಬಜಾರಿನವರು ಕೇಳುವ ಪ್ರಶ್ನೆ ಒಂದೇ. ಅದು ಬಂತೆಂದರೆ ನನಗೆ ನೆಲ ನೋಡುವುದೊಂದೇ ಗತಿ.

ಇಂಡಿಯ ಗಡ್ಡ

"ದಾರಾ ಗಲ್ಲಕ್ಕ ಹಚ್ಚಿ ನೋಡ್ರಿ. ಚುಚ್ಚಿತಂದ್ರ ಒಲ್ಲೆ ಅನ್ರಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಹೇಳಿದ್ದು ಕೂಸಿನ ಗಲ್ಲದ ಲೆಕ್ಕದಲ್ಲಿ. ನನ್ನ ಗಲ್ಲದ ಮೇಲೆ ವಾರದ ಗಡ್ಡ ಇದ್ದದ್ದು ಇಬ್ಬರಿಗೂ ನೆನಪಾಗಲಿಲ್ಲ.

ಅಂಗಡಿಯಲ್ಲಿ ಗುಲಾಬಿ ಲಡಿ ಎತ್ತಿ ಗಲ್ಲಕ್ಕೆ ತಿಕ್ಕಿದೆ. ಸಿಕ್ಕಿಕೊಂಡಿತು. ಎಳೆದೆ. ಲಡಿ ಬಿಚ್ಚಿ ಇನ್ನಷ್ಟು ಸಿಕ್ಕಿಕೊಂಡಿತು. ಎಡಗೈಯಿಂದ ಬಿಡಿಸಹೋದರೆ ಮೂಗಿನ ಸುತ್ತ ಬಂತು. ಅವತ್ತು ಸಂತೆ ಬೇರೆ. ತಾಂಬಾ ಕಡೆಯಿಂದ ಬಂದ ರೈತನೊಬ್ಬ ನಿಂತು ನೋಡಿ, "ಇದ್ಯಾವ ಸೋಗೋ ಮಾರಾಯಾ!" ಎಂದ. ಅಂಗಡಿಯವನು ಕತ್ತರಿ ಹಿಡಿದು ಕೆಳಗಿಳಿದು ಬಂದ.

"ಅಲಗಾಡಬ್ಯಾಡ್ರಿ. ದಾರಾ ಕತ್ತರಿಸಲ್ಯೋ, ಗಡ್ಡಾ ಕತ್ತರಿಸಲ್ಯೋ?"

"ಗಡ್ಡಾ ಕತ್ತರಿಸ್ರಿ. ದಾರಾ ತುಂಡಾದ್ರ ಮನ್ಯಾಗ ಬೈತಾರ."

ಅವನು ಕತ್ತರಿಸುತ್ತಲೇ ಕೇಳಿದ, "ಮನ್ಯಾಗ ಏನ್ರಿ ವಿಶೇಷ?"

"ನಮ್ಮದಲ್ರಿ. ಬಾಜೂ ಮನೀ ಕೂಸಿಗೆ."

ಅವನು ಕತ್ತರಿ ನಿಲ್ಲಿಸಿ ಸುತ್ತ ನಿಂತವರ ಕಡೆ ತಿರುಗಿದ. "ನೋಡ್ರೆಪಾ, ಮಂದಿ ಕೂಸಿಗೆ ಸ್ವಂತ ಗಡ್ಡಾ ಕೊಟ್ಟ ಪುಣ್ಯಾತ್ಮಾ!"

ಸಿಂದಗಿಯ ಬಯಕೆ

ಸಿಂದಗಿಗೆ ಹೋದಾಗ ಅಪ್ಪಣೆ ಬದಲಾಗಿತ್ತು. "ಕೂಸು ಹೊದಿಕಿ ಚೀಪತೈತಿ. ಬಣ್ಣಾ ಬಿಡಬಾರ್ದು, ನೋಡಿ ತರ್ರಿ."

ಒದ್ದೆ ಮಾಡಿ ಬಿಳಿ ಅರಿವೆಗೆ ತಿಕ್ಕಿದ್ದರೆ ಮುಗಿಯುತ್ತಿತ್ತು. ಆದರೆ ಕೂಸು ಏನು ಮಾಡುತ್ತದೋ ಅದನ್ನೇ ಮಾಡಿ ನೋಡುವುದು ಖಾತ್ರಿ ಎಂದು ನನ್ನ ಬುದ್ಧಿಗೆ ಹೊಳೆಯಿತು. ಕೆಂಪು ದಾರದ ತುದಿಯನ್ನು ಬಾಯಿಗಿಟ್ಟುಕೊಂಡು ಚೆನ್ನಾಗಿ ಚೀಪಿದೆ. ಅಂಗಡಿಯ ಮುದುಕ ಸಾಹೇಬರು ಒಂದು ತಂಬಿಗೆ ನೀರು ಮುಂದೆ ಸರಿಸಿದರು. ಅದು ಉಪಚಾರ ಎಂದುಕೊಂಡು ಕುಡಿದು, ನಕ್ಕು, ಕಚೇರಿಗೆ ಹೋದೆ.

ಕಚೇರಿಯಲ್ಲಿ ತಪಾಸಣೆಗೆ ಮೇಲಿನ ಸಾಹೇಬರು ಬಂದು ಕೂತಿದ್ದರು. ಎಲೆ ಅಡಿಕೆ ಜಗಿದು ಕಚೇರಿಗೆ ಬರುವವರನ್ನು ಕಂಡರೆ ಅವರಿಗೆ ಆಗದು. ನನ್ನ ತುಟಿ, ಹಲ್ಲು, ನಾಲಿಗೆ ಎಲ್ಲಾ ಕುಂಕುಮದ ಬಣ್ಣ.

"ಎಲಿ ತಿಂದ ಬಂದೀರೇನು?"

"ಇಲ್ರಿ ಸಾಹೇಬ್ರ. ದಾರಾ ತಿಂದೇನ್ರಿ."

ಬರೆಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಕೂಸು, ಹೊದಿಕೆ, ಹೆಂಡತಿ ಎಂದು ತಡವರಿಸುತ್ತ ನಾನು ಏನೋ ವಿವರಿಸಿದೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು ಗಂಭೀರವಾಗಿಯೇ ಹೇಳಿದರು. "ಬಸರಿದ್ದ ಹೆಣ್ಮಕ್ಕಳು ಮಣ್ಣ ತಿಂತಾರ, ಬೂದಿ ತಿಂತಾರ ಅಂತ ಕೇಳೇನಿ. ನಿಮ್ಮ ಮನ್ಯಾಗ ಬಯಕಿ ನಿಮಗಽ ಬಂದಂಗ ಐತಿ."

ಎಲ್ಲರೂ ನಕ್ಕರು. ನಾನೂ ಕೆಂಪು ಹಲ್ಲು ತೋರಿಸಿ ನಕ್ಕೆ. ಮನೆಗೆ ಬಂದು ಹೆಂಡತಿಗೆ ಈ ಮಾತನ್ನು ಮಾತ್ರ ಹೇಳಲಿಲ್ಲ. ಅವಳಿಗೆ ನಗು ಬರುತ್ತಿರಲಿಲ್ಲ.

ಮುದ್ದೇಬಿಹಾಳದ ಕೊಡ

ಮುದ್ದೇಬಿಹಾಳದಲ್ಲಿ ಮಾತ್ರ ಎಲ್ಲಾ ಸರಿಯಾಗಿತ್ತು. ಬೆಣ್ಣೆಯಂಥ ಉಣ್ಣೆ ಸಿಕ್ಕಿತು. ಗಡ್ಡ ಬೋಳಿಸಿಕೊಂಡೇ ಹೋಗಿದ್ದೆ, ಬಾಯಿಗೂ ಹಾಕಿರಲಿಲ್ಲ. ಅವಳು ಹಳದಿ ಹೊದಿಕೆ ಹೆಣೆದು ಎದುರು ಮನೆಯ ಬಾಣಂತಿಗೆ ಕೊಟ್ಟಳು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ.

ತಿಂಗಳು ಬಿಟ್ಟು ಹೋಗಿ ನೋಡಿದರೆ ಹೊದಿಕೆ ನೀರಿನ ಕೊಡಕ್ಕೆ ಸುತ್ತಿತ್ತು, ಮೇಲಿಂದ ನೀರು ಬೇರೆ ಚಿಮುಕಿಸಿದ್ದರು. ಬಿಜಾಪುರ ಸೀಮೆಯ ಬ್ಯಾಸಗಿಯಲ್ಲಿ ಕೂಸಿಗೆ ಉಣ್ಣೆ ಹೊದಿಸಹೊರಟವರು ನಾವಿಬ್ಬರೇ ಇರಬೇಕು. ಕೂಸಿನ ಅಜ್ಜಿ ಸಂಕೋಚದಿಂದ, "ಕೂಸಿಗೆ ಸೆಕಿ ಎಷ್ಟಾಕ್ಕೈತಿ ಅಂಬೂದು ಹಡದವ್ರಿಗಽ ಗೊತ್ತರಿ..." ಎಂದು ಶುರು ಮಾಡಿ, ನನ್ನ ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಗಡಬಡಿಸಿ ಎದ್ದು ಕೊಡದಿಂದ ನೀರು ಬಗ್ಗಿಸಿ ತಂದಳು.

"ಕುಡದ ನೋಡವಾ. ನಿನ್ನ ಕೈಗುಣ ಭಾಳ ಛಲೋ ಐತಿ. ನೀರು ಹ್ಯಾಂಗ ತಂಪಾಗ್ಯಾವ!"

ಅವತ್ತಿನಿಂದ ನಮ್ಮ ಮನೆಗೆ ಉಣ್ಣೆ ಬರಲಿಲ್ಲ. ಹತ್ತಿಯ ದಾರ, ಕ್ರೋಶಾ ಕಡ್ಡಿ, ಗಾಳಿಯಾಡುವ ಹೆಣಿಕೆ.

ಬಾಗೇವಾಡಿಯ ಬಸಿರು

ಬಾಗೇವಾಡಿಗೆ ಬಂದ ಮೇಲೆ, ದೇವರು ಕಣ್ಣು ತೆರೆದ. ಹಿಂದೊಮ್ಮೆ ಬಸಿರು ನಿಂತು, ಊರಿಗೆಲ್ಲ ಸಕ್ಕರೆ ಹಂಚಿದ ಮೇಲೆ ಹೋಗಿಬಿಟ್ಟಿತ್ತು. ಅದಕ್ಕೇ ಈ ಸಲ ತವರಿನವರಿಗೂ ಹೇಳಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬುದು ಅವಳಿಗೂ ಗೊತ್ತು. ಆದರೆ ಕೈ ಕೇಳಬೇಕಲ್ಲ!

"ಊರ ಕೂಸಿಗೆಲ್ಲಾ ಹೆಣದೇನಿ. ನನ್ನ ಕೂಸಿಗೆ ಹರಕ ಸೀರಿ ಹೊಚ್ಚಲೇನ್ರಿ? ದಾರಾ ಮಂದಿ ಹೆಸರ್ಲೆ ತರ್ರಿ. ದೇವರಿಗೂ ಗೊತ್ತಾಗಬಾರ್ದು."

ಹೋದೆ. ಅಂಗಡಿಯವನು ಎಂದಿನಂತೆ, "ಈ ಸಲ ಯಾರ ಮನೀ ಕೂಸಿಗ್ರಿ?" ಎಂದ. ಹೆಸರೊಂದನ್ನು ಯೋಚಿಸಿಕೊಂಡೇ ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಸಾಹೇಬರು ಕೊಡೆ ಹಿಡಿದು ಎದುರಿಗೇ ಹಾದುಹೋದರು. ಪಿಂಚಣಿಗೆ ಹತ್ತಿರ ಬಂದ ಮನುಷ್ಯ. ನನ್ನ ಬಾಯಿಂದ ಹೊರಬಿತ್ತು. "ನಮ್ಮ ಹೆಡ್ ಕ್ಲಾರ್ಕ್ ಸಾಹೇಬ್ರ ಮನಿಗ್ರಿ."

"ಅವರಿಗೆ ಇರಾಂವ ಒಬ್ಬಽ ಮಗಾ. ಧಾರವಾಡದಾಗ ಕಾಲೇಜ ಕಲ್ಯಾಕತ್ತಾನ, ಲಗ್ನಾನಽ ಆಗಿಲ್ಲಲ್ರಿ?"

"ಮಗಂದಲ್ರಿ," ಎಂದೆ. ಮಗನ ಮಾನ ಉಳಿಸಲು ಹೊರಟು ಅಪ್ಪನದನ್ನು ಕಳೆದೆ.

ಅಂಗಡಿಯವನು ಹಾ ಎಂದು ಬಾಯಿ ತೆರೆದು, ಮುಚ್ಚಿ, ತೂಗುಹಾಕಿದ್ದ ದಾರ ಬಿಟ್ಟು ಒಳಗಿನ ಪೆಟ್ಟಿಗೆ ತೆಗೆದ. "ಇಂಥಾ ಕೂಸಿಗೆ ಸಾದಾ ದಾರ ನಡ್ಯಾಂಗಿಲ್ಲ ಬಿಡ್ರಿ."

ಮರುದಿನ ಸಂಜೆ ಹೆಡ್ ಕ್ಲಾರ್ಕರ ಹೆಂಡತಿ ನಮ್ಮ ಮನೆಗೆ ನುಗ್ಗಿದರು. ತಲೆಗೂದಲು ಅರ್ಧ ಬೆಳ್ಳಗಾದ ದೊಡ್ಡ ಆಳು. ಬುಟ್ಟಿಯ ತುಂಬ ಹುಳಿ ಮಾವಿನಕಾಯಿ. ಅದನ್ನು ನನ್ನ ಮುಂದೆ ಕುಕ್ಕಿದರು.

"ಮುಂಜಾನಿಂದ ಓಣಿ ಹೆಂಗಸರು ತಂದ ಕೊಟ್ಟ ಹೋಗಾಕತ್ತಾರ. ಹಿರೇರು ಬಂದು ಭಾರಾ ಎತ್ತಬ್ಯಾಡವಾ ಅಂತಾರ. ಈ ವಯಸ್ಸಿನ್ಯಾಗ ನನ್ನ ಬಸರ ಮಾಡಾಕ ನಿಮಗ ನಾಚಿಕಿ ಬರಲಿಲ್ಲೇನು?"

ನಾನು ಗೋಡೆಗೆ ಅಂಟಿಕೊಂಡೆ. ಭೂಮಿ ಬಾಯಿ ಬಿಡಬೇಕೆನಿಸಿತು. ಆಗ ಒಳಗಿನಿಂದ ಬಂದ ನನ್ನ ಹೆಂಡತಿ ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರ ಬುಟ್ಟಿಗೆ ಕೈ ಹಾಕಿ ಒಂದು ಕಾಯಿ ತೆಗೆದು, ತೊಳೆಯದೆ, ಉಪ್ಪೂ ಇಲ್ಲದೆ ಕಚ್ಚಿದಳು. ಮತ್ತೆ ಕಚ್ಚಿದಳು.

ಆ ತಾಯಿ ಬೈಗುಳ ನಿಲ್ಲಿಸಿ ಅವಳನ್ನೇ ನೋಡುತ್ತ ನಿಂತರು. "ಎಷ್ಟ ತಿಂಗಳವಾ ತಂಗಿ?" ಎಂದರು ಮೆಲ್ಲಗೆ.

ನನ್ನ ಹೆಂಡತಿಗೆ ಅಳು ಬಂತು. "ಒಮ್ಮೆ ಹೋಗೇತ್ರಿ ಅಕ್ಕಾರ. ಅಂಜಿಕೀಲೆ ಮಂದಿಗೆ ಹೇಳಲಿಲ್ರಿ. ತಪ್ಪಾತ್ರಿ."

ಅವರು ಸೆರಗಿನಿಂದ ಅವಳ ಕಣ್ಣು ಒರೆಸಿದರು, ಆಮೇಲೆ ತಮ್ಮದನ್ನು. "ಅಳಬ್ಯಾಡ. ನೀ ಹಡಿಯೂತನಕ ಊರಾಗ ಬಸರಿ ನಾನಽ ಇರ್ತೇನಿ. ಬಂದ ಕಾಯೆಲ್ಲಾ ಇಲ್ಲಿಗೆ ಕಳಸ್ತೇನಿ, ಕುಂತ ತಿನ್ನು."

ನಾನು ಕೈ ಮುಗಿದೆ. ಅವರು ಬಾಗಿಲ ತನಕ ಹೋಗಿ ನನ್ನ ಕಡೆ ತಿರುಗಿದರು.

"ಆದ್ರ ನಮ್ಮವರಿಗೆ ಇದು ಸುಳ್ಳಂತ ನೀವಽ ಬಂದ ಹೇಳ್ರಿ. ನನಗ ಹೇಳಾಕ ಬಾಯಿ ಬರವಲ್ದು. ಪಾಪ, ನಿನ್ನಿ ಸಂಜಿಂದ ಕೂಸಿಗೆ ಹೆಸರ ಹುಡಕಾಕತ್ತಾರ."