ಹದಿನೇಳನೇ ಪೋರ್ಟಿನ ನಲವತ್ತೆಂಟು ಸಾವಿರ

2019ರ ಮಾರ್ಚ್ 12, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಕ್ಷೆ ಕಚೇರಿಯ ಹೊಸ ನಿರ್ದೇಶಕರು ಮೆಟ್ಟಿಲ ಕೆಳಗಿನ ಕೋಣೆಗೆ ತಲೆ ಬಗ್ಗಿಸಿ ಬಂದು, ಪ್ರಿಂಟರಿನ ಮೇಲಿದ್ದ ಒಂದು ಹಾಳೆಯನ್ನು ಓದಿದರು. ಆ ಹಾಳೆಯನ್ನು ಯಾರಾದರೂ ಓದಿದ್ದು ಅದೇ ಮೊದಲು.

ಹಾಳೆ ವೈರಣ್ಣನದು. ಕಚೇರಿಯ ಕಂಪ್ಯೂಟರುಗಳ ಕೇಬಲ್ಲೆಲ್ಲ ಅವನ ಸುಪರ್ದಿಯಲ್ಲಿದ್ದುದರಿಂದ ಆ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಹಾಗೆ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕೋಣೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಒಂದು ಸ್ವಿಚ್ ಇತ್ತು. ದೀಪ ಹಾಕುವ ಗುಂಡಿಯಲ್ಲ, ಇಪ್ಪತ್ನಾಲ್ಕು ಪೋರ್ಟುಗಳ ಚಪ್ಪಟೆ ಯಂತ್ರ. ಒಂದೊಂದು ಪೋರ್ಟಿನಿಂದ ಒಂದೊಂದು ಕೋಣೆಗೆ ಕೇಬಲ್. ನಕ್ಷೆಯೊಂದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿದರೆ, ಅದು ಪ್ಯಾಕೆಟ್ ಎಂಬ ಸಾವಿರಾರು ಚೂರುಗಳಾಗಿ ಇದರ ಮೂಲಕ ಹಾದು, ಆ ಕಡೆ ಮತ್ತೆ ಒಂದಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ವೈರಣ್ಣ ಅದನ್ನು ತನ್ನ ಕೈಯಾರೆ ಕೂರಿಸಿದ್ದ. ಅಂದಿನಿಂದ ಪ್ರತಿ ಬೆಳಗ್ಗೆ, ಯಾವ ಪೋರ್ಟಿನಲ್ಲಿ ಎಷ್ಟು ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋದವು ಎಂಬ ಪಟ್ಟಿಯನ್ನು ಪ್ರಿಂಟ್ ತೆಗೆದು, ಅಂಚಿಗೆ ತೂತು ಹೊಡೆದು, ಫೈಲಿಗೆ ಹಾಕುತ್ತಿದ್ದ. ಓದುತ್ತಿರಲಿಲ್ಲ. ಅವನು ಓದುತ್ತಿದ್ದದ್ದು ಪೋರ್ಟುಗಳ ಹಸಿರು ದೀಪಗಳನ್ನು. ಏಳನೆಯದು ಮಿನುಗಿದರೆ ಲೈಬ್ರರಿ ಅಕ್ಕ ಬಂದರು. ಹದಿನೇಳು ಮಿನುಗಿದರೆ ನಕ್ಷೆ ಬರೆಯುವ ಸ್ಕೇಲು ಮಾಸ್ತರು ಕೂತರು. ಒಂಬತ್ತು, ಹನ್ನೊಂದು, ಇಪ್ಪತ್ತು ಈಗ ಮಿನುಗುತ್ತಿರಲಿಲ್ಲ; ಆ ಕೋಣೆಗಳವರು ನಿವೃತ್ತರಾಗಿದ್ದರು, ಒಬ್ಬರು ಲೋಕವನ್ನೇ ಬಿಟ್ಟಿದ್ದರು.

"ಹದಿನೇಳು. ನಲವತ್ತೆಂಟು ಸಾವಿರದ ಇನ್ನೂರ ಹನ್ನೆರಡು. ಏನಿದು?" ಎಂದರು ನಿರ್ದೇಶಕರು.

"ಬಿದ್ದುಹೋದ ಪ್ಯಾಕೆಟ್ಟು ಸಾರ್."

"ನಲವತ್ತೆಂಟು ಸಾವಿರಾನಾ? ಬೆಳಗ್ಗೆ ಒಂಬತ್ತಕ್ಕೇನೇ?"

ಉಳಿದ ಇಪ್ಪತ್ಮೂರು ಸಾಲುಗಳಲ್ಲೂ ಸೊನ್ನೆ. ವೈರಣ್ಣನ ಕಣ್ಣಿಗೂ ಆ ಸಂಖ್ಯೆ ಬಿದ್ದದ್ದು ಆಗಲೇ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆಯ ಹಾಗೆ ಕಾಣುತ್ತಿತ್ತು.

"ನೀವು ಇದನ್ನ ದಿನಾ ನೋಡ್ತೀರಾ?"

"ದಿನಾ ತೆಗೀತೀನಿ ಸಾರ್."

ನಿರ್ದೇಶಕರು ಬಂದು ಎಂಟು ದಿನವಾಗಿತ್ತು. ಎಂಟು ದಿನದಲ್ಲಿ ಕಚೇರಿಯ ನಿಂತುಹೋದ ಮೂರು ಗಡಿಯಾರಗಳು ನಡೆಯತೊಡಗಿದ್ದವು, ನಡೆದಾಡುತ್ತಿದ್ದ ಇಬ್ಬರು ಕೂತಿದ್ದರು. "ಸಂಜೆ ಐದಕ್ಕೆ ಇದಕ್ಕೆ ಕಾರಣ ಹೇಳಿ," ಎಂದರು. "ಆಗಲಿಲ್ಲ ಅಂದ್ರೆ ಈ ಕೆಲಸ ಹೊರಗಿನ ಕಂಪನಿಗೆ ಕೊಡ್ತೀನಿ. ನೀವು ದಾಖಲೆ ಕೋಣೆಗೆ."

ದಾಖಲೆ ಕೋಣೆ ಹಿಂದಿನ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಲ್ಲಿದ್ದವರು ನಿವೃತ್ತರಾದ ಸುದ್ದಿ ಕಚೇರಿಗೆ ತಲುಪಿದ್ದು ಮೂರು ವಾರದ ಮೇಲೆ.

ಮೊದಲು ಇನ್ನೊಂದು ಪ್ರಿಂಟ್ ತೆಗೆದ. ನಲವತ್ತೆಂಟು ಸಾವಿರದ ಇನ್ನೂರ ಹನ್ನೆರಡು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬಂದುಹೋಗುವ ದೋಷ ಎಂದುಕೊಂಡ. ರಾತ್ರಿಯಿಡೀ ಅತ್ತ ಮಗು ಡಾಕ್ಟರ ಮುಂದೆ ನಗುವಂಥದ್ದು.

ಹೊಸ ಕೇಬಲ್ ಹಿಡಿದು ಸ್ಕೇಲು ಮಾಸ್ತರ ಮೇಜಿನ ಕೆಳಗೆ ತೂರಿದ. ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು ಇಟ್ಟುಕೊಳ್ಳುವ ಮಾಸ್ತರು ಮೇಲಿಂದ ಬಗ್ಗಿ ನೋಡಿದರು. "ಅಲ್ನೋಡಿ ವೈರಣ್ಣ, ಕೇಬಲ್ಲು ಮೇಜಿನ ಕಾಲಿಗೆ ಮೂರು ಸುತ್ತು ಸುತ್ಕೊಂಡಿದೆ. ಅಷ್ಟು ಸುತ್ತಿದ್ರೆ ಯಾರಿಗಾದ್ರೂ ತಲೆ ತಿರುಗಲ್ವಾ? ಬೀಳ್ತವೆ."

ಸುದ್ದಿ ತಿಳಿದು ಲೈಬ್ರರಿ ಅಕ್ಕ ಕನ್ನಡಕ ಏರಿಸಿಕೊಂಡು ಬಂದರು. "ಬಿದ್ದಿವೆ ಅಂದ್ರೆ ಎಲ್ಲಾದ್ರೂ ಬಿದ್ದಿರಬೇಕಲ್ಲಪ್ಪ. ಗುಡಿಸೋರನ್ನ ಕೇಳಿದ್ರಾ?"

"ಅಕ್ಕ, ಅವು ಕಾಣೋವಲ್ಲ."

"ನಮ್ಮ ಲೈಬ್ರರೀಲಿ ಕಾಣದೇ ಹೋದ ಪುಸ್ತಕಕ್ಕೂ ಒಂದು ಚೀಟಿ ಇರುತ್ತೆ. ಹೋಗ್ಲಿ, ಒಂದ್ಸಲ ಆಫ್ ಮಾಡಿ ಆನ್ ಮಾಡ್ಬಿಡಿ. ನಮ್ಮನೆ ಟೀವಿ ಹಾಗೇ ಸರಿಹೋಗೋದು."

ಅಜ್ಜಿಯ ಮೂಗು ಒಂದು ನಿಮಿಷ ಮುಚ್ಚಿ ನೋಡೋಣ ಎಂದವರನ್ನು ನೋಡುವ ಹಾಗೆ ವೈರಣ್ಣ ಅವರನ್ನು ನೋಡಿದ. "ಇಟ್ಟಾಗಿನಿಂದ ಒಂದ್ಸಲಾನೂ ಆರಿಲ್ಲ ಅಕ್ಕ. ಎರಡೆರಡು ಬ್ಯಾಟರಿ ಇಟ್ಟು ಕಾಪಾಡಿದೀನಿ." ಆರಿಸಿದ್ದರೆ ಲೆಕ್ಕ ಸೊನ್ನೆಗೆ ಬಂದು, ಈ ಕತೆ ಹತ್ತೂವರೆಗೇ ಮುಗಿಯುತ್ತಿತ್ತು.

ಹೊಸ ಕೇಬಲ್ ಹಾಕಿದರೂ ಅದೇ ಸಂಖ್ಯೆ. ದೋಷ ತಾನಾಗಿ ಬಾರದಿದ್ದರೆ ಬರಿಸಬೇಕು ಎಂದು ತೀರ್ಮಾನಿಸಿದ. ಅಕ್ಕ ತಮ್ಮ ಕೋಣೆಯಿಂದ ಕಚೇರಿಯ ಅತಿ ದೊಡ್ಡ ನಕ್ಷೆಗಳನ್ನು ಒಂದರ ಹಿಂದೊಂದು ಮಾಸ್ತರಿಗೆ ಕಳಿಸುವುದು, ಮಾಸ್ತರು ಅವನ್ನು ತಕ್ಷಣ ಹಿಂದಿರುಗಿಸುವುದು, ವೈರಣ್ಣ ಮೇಜಿನಡಿ ಮಲಗಿ ಕೇಬಲ್ ಅಲುಗಿಸುವುದು.

"ಬಂತಾ ಮಾಸ್ತರೇ?"

"ಎಲ್ಲ ಬರ್ತಾ ಇದೆ. ಒಂದೂ ಬೀಳ್ತಿಲ್ಲ."

"ಬೀಳ್ಬೇಕು! ಇನ್ನೂ ಕಳಿಸಿ!"

ಮೂರನೇ ಸಲ ಎಳೆದಾಗ ಕೇಬಲ್ಲಿನ ಜೊತೆ ಮೇಜೂ ಬಂತು. ಮೇಜಿನ ಮೇಲೆ ಮಾಸ್ತರು ಹದಿನೈದು ದಿನದಿಂದ ಕೈಯಲ್ಲಿ ಬರೆಯುತ್ತಿದ್ದ ನಕ್ಷೆಯಿತ್ತು, ಅದರ ಪಕ್ಕದಲ್ಲಿ ನೀಲಿ ಶಾಯಿಯ ಬಾಟಲಿ. ಆ ದಿನ ಆ ಕಚೇರಿಯಲ್ಲಿ ನಿಜವಾಗಿ ಬಿದ್ದದ್ದು ಅದೊಂದೇ. ಸರಿಯಾಗಿ ಆಗಲೇ ನಿರ್ದೇಶಕರು ಬಾಗಿಲಲ್ಲಿ ಕಾಣಿಸಿಕೊಂಡರು.

"ಇದ್ಯಾವ ಸಮುದ್ರ?"

"ಈಗ ತಾನೇ ಆಗಿದ್ದು ಸಾರ್," ಎಂದರು ಮಾಸ್ತರು, ಕಣ್ಣು ಮಿಟುಕಿಸದೆ ನಕ್ಷೆಯನ್ನೇ ನೋಡುತ್ತ. "ಬೆಳಗ್ಗೆ ಹೊಲ ಇತ್ತು."

"ಆ ಲೈನನ್ನೇ ಕಿತ್ತುಹಾಕಿ!" ಎಂದು ನಿರ್ದೇಶಕರು ಹೊರಟುಹೋದರು.

ಮೂವರೂ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ವೈರಣ್ಣ ಹದಿನೇಳನೇ ಪೋರ್ಟಿನ ಕೇಬಲ್ ಕಿತ್ತು ಮತ್ತೆ ಪ್ರಿಂಟ್ ತೆಗೆದ. ನಲವತ್ತೆಂಟು ಸಾವಿರದ ಇನ್ನೂರ ಹನ್ನೆರಡು.

"ಲೈನೇ ಇಲ್ಲ, ಆದ್ರೂ ಇಷ್ಟು ಬಿದ್ದಿವೆ!" ಎಂದು ಮಾಸ್ತರು ಶಾಯಿಯ ಕೈಯನ್ನು ಗಲ್ಲಕ್ಕಿಟ್ಟರು.

ಅಕ್ಕ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿನ್ನೆ ಎಷ್ಟಿತ್ತು?"

ಮೂರು ಸಾವಿರಕ್ಕೂ ಹೆಚ್ಚು ಹಾಳೆ ಜೋಡಿಸಿಟ್ಟ ಮನುಷ್ಯನಿಗೆ ನಿನ್ನೆಯದು ಗೊತ್ತಿರಲಿಲ್ಲ.

ಬೀರು ತೆರೆದರು. ನಿನ್ನೆಯೂ ಅಷ್ಟೇ. ಮೊನ್ನೆಯೂ ಅಷ್ಟೇ. ಹಿಂದಿನ ವರ್ಷ, ಅದರ ಹಿಂದಿನ ವರ್ಷ, ಅಷ್ಟೇ. ಮೂವರೂ ನೆಲದ ಮೇಲೆ ಕೂತು ಹಿಂದುಹಿಂದಕ್ಕೆ ಹೋದರು. ಕಾಗದ ಹಳದಿಯಾಗುತ್ತ ಹೋಯಿತು, ವೈರಣ್ಣನ ಸಹಿ ದುಂಡಗಾಗುತ್ತ ಹೋಯಿತು, ಸಂಖ್ಯೆ ಕದಲಲಿಲ್ಲ. ಕೊನೆಗೆ ಮೊದಲ ಫೈಲಿನಲ್ಲಿ ಸಿಕ್ಕಿತು. 2008ರ ಮಾರ್ಚ್ 31ರ ಬೆಳಗ್ಗೆ ಸೊನ್ನೆ. ಏಪ್ರಿಲ್ 1ರ ಬೆಳಗ್ಗೆ ನಲವತ್ತೆಂಟು ಸಾವಿರದ ಇನ್ನೂರ ಹನ್ನೆರಡು. ಹಾಳೆಯಲ್ಲಿದ್ದದ್ದು ಆಯಾ ದಿನದ ಲೆಕ್ಕವಲ್ಲ, ಯಂತ್ರ ಕೂರಿಸಿದಾಗಿನಿಂದ ಕೂಡುತ್ತ ಬಂದ ಮೊತ್ತ.

"ಮಾರ್ಚ್ ಮೂವತ್ತೊಂದು," ಎಂದರು ಅಕ್ಕ ಮೆಲ್ಲಗೆ. "ದೊಡ್ಡವರ ಕೊನೇ ದಿನ ಅಲ್ವಾ?"

ದೊಡ್ಡವರು ಎಂದರೆ ಆಗಿನ ನಿರ್ದೇಶಕರು. ಮೂವತ್ತು ವರ್ಷದಲ್ಲಿ ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಅಂದು ಮಧ್ಯಾಹ್ನ ಯಾರೋ ಕಾರು ಓಡಿಸುವ ಆಟವೊಂದನ್ನು ತಂದಿದ್ದರು. ನಕ್ಷೆ ಕೋಣೆಯಲ್ಲಿ ಹತ್ತು ಕಂಪ್ಯೂಟರುಗಳನ್ನು ಹದಿನೇಳನೇ ಪೋರ್ಟಿನ ಒಂದೇ ಲೈನಿಗೆ ಸಿಕ್ಕಿಸಿ, ಉಳಿದ ಕೋಣೆಗಳವರನ್ನೂ ಸೇರಿಸಿಕೊಂಡು ಕಚೇರಿಗೆ ಕಚೇರಿಯೇ ಆಡಿತ್ತು. ಲೈನು ತುಂಬಿ, ಕಾರುಗಳು ನಿಂತು ನಿಂತು ಹಾರುತ್ತಿದ್ದವು. ದೊಡ್ಡವರು ಮಾತ್ರ ಮೊದಲಿನಿಂದ ಕೊನೆಯವರೆಗೆ ಎದುರು ದಿಕ್ಕಿನಲ್ಲೇ ಓಡಿಸಿದರು.

"‘ಸಾರ್, ತಿರುಗಿಸಿ’ ಅಂತ ನಾನೇ ಕೂಗಿದ್ದೆ," ಎಂದರು ಮಾಸ್ತರು. "ಅದಕ್ಕೆ, ‘ಎದುರಿಂದ ಬಂದ್ರೇನೆ ನಿಮ್ಮೆಲ್ಲರ ಮುಖ ಕಾಣೋದು ಕಣ್ರಯ್ಯಾ’ ಅಂದ್ರು."

"‘ಲೈನು ತಡ್ಕೊಳ್ತಿಲ್ಲ ಸಾರ್’ ಅಂದಿದ್ದೆ ನಾನು," ಎಂದ ವೈರಣ್ಣ. "‘ಇವತ್ತೊಂದು ದಿನ ತಡ್ಕೊಳ್ಳೋಕೆ ಹೇಳಯ್ಯ’ ಅಂದ್ರು."

ಅಂದು ಆಡಿದವರು ಹದಿನಾಲ್ಕು ಜನ. ಈಗ ಉಳಿದವರು ನೆಲದ ಮೇಲೆ ಕೂತ ಈ ಮೂವರು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು. ಆ ಮಧ್ಯಾಹ್ನದ ಅಷ್ಟು ಚೂರುಗಳು ಮಾತ್ರ ಎಲ್ಲೂ ತಲುಪಿರಲಿಲ್ಲ. ಆದರೆ ಅವುಗಳ ಲೆಕ್ಕವನ್ನು ಸ್ವಿಚ್ಚು ಹನ್ನೊಂದು ವರ್ಷ ಬಿಡದೆ ಇಟ್ಟುಕೊಂಡಿತ್ತು.

ಐದಕ್ಕೆ ವೈರಣ್ಣ ಫೈಲುಗಳನ್ನು ಎದೆಯೆತ್ತರ ಹೊತ್ತು ನಿರ್ದೇಶಕರ ಮುಂದೆ ಇಳಿಸಿದ. ಅವರು ಒಂದೊಂದೇ ಹಾಳೆ ತಿರುವಿದರು. ಮುಖ ಅರಳುತ್ತ ಬಂತು.

"ಅಂದ್ರೆ ಒಂದು ದಿನ ಹೊರೆ ಜಾಸ್ತಿಯಾಗಿತ್ತು. ಆಮೇಲೆ ಹನ್ನೊಂದು ವರ್ಷ ಒಂದೇ ಒಂದು ಪ್ಯಾಕೆಟ್ಟೂ ಬಿದ್ದಿಲ್ಲ?"

"ಒಂದೂ ಇಲ್ಲ ಸಾರ್!"

"ಒಂದು ದಿನದ ಹಾಳೇನೂ ತಪ್ಪಿಲ್ಲ?"

"ಕೆಲಸದ ದಿನದ್ದು ಒಂದೂ ತಪ್ಪಿಲ್ಲ ಸಾರ್! ಹರಿದಿದ್ದೂ ಇಲ್ಲ!"

"ಭೇಷ್. ಹಾಗಾದ್ರೆ ಹೊರಗಿನ ಕಂಪನಿ ಬೇಡ."

ವೈರಣ್ಣ ಫೈಲುಗಳನ್ನು ಮತ್ತೆ ಎತ್ತಿಕೊಳ್ಳಲು ಬಗ್ಗಿದ.

"ನೀವೂ ಬೇಡ," ಎಂದರು ನಿರ್ದೇಶಕರು ಪ್ರೀತಿಯಿಂದ. "ತಾನಾಗಿ ನಡೆಯೋದಕ್ಕೆ ಕಾವಲು ಯಾಕೆ ಹೇಳಿ? ದಾಖಲೆ ಕೋಣೆಗೆ ಒಬ್ಬರಿಗಾಗಿ ಎಂಟು ದಿನದಿಂದ ಹುಡುಕ್ತಾ ಇದ್ದೆ. ಯಾರೂ ಓದದ ಕಾಗದಾನ ಹನ್ನೊಂದು ವರ್ಷ ತಪ್ಪದೆ ಜೋಡಿಸಿಡೋರು ನನಗಿನ್ನೆಲ್ಲಿ ಸಿಗ್ತಾರೆ? ನಾಳೆಯಿಂದಲೇ ಹೋಗಿ. ಬೇಕಾದ್ರೆ ಅಲ್ಲೊಂದು ಕಂಪ್ಯೂಟರ್ ಹಾಕ್ಕೊಳ್ಳಿ, ನಿಮ್ಮ ಸ್ವಿಚ್ಚಿನಿಂದ ಲೈನ್ ಎಳ್ಕೊಳ್ಳಿ. ಅದೇನು ನಿಮಗೆ ಹೊಸದಾ?"

ಆ ಕೊನೆಯ ಮಾತಿನಲ್ಲಿ ವೈರಣ್ಣನಿಗೆ ಒಂದಿಷ್ಟು ಜೀವ ಬಂತು. ಒಂದು ಲೈನಿದ್ದರೆ ಸಾಕು, ನೆಲಮಾಳಿಗೆಯಲ್ಲಿ ಕೂತೇ ಇಪ್ಪತ್ನಾಲ್ಕು ಪೋರ್ಟುಗಳನ್ನೂ ನೋಡಬಹುದು, ಏಳು ಬಂತೇ, ಹದಿನೇಳು ಬಂತೇ ಎಂದು. ತಾಮ್ರದ ಕೇಬಲ್ಲಿಗೆ ನೂರು ಮೀಟರಿನ ಮಿತಿ. ಅದನ್ನು ದಾಟಿದರೆ ಪ್ಯಾಕೆಟ್ಟುಗಳು ತಲುಪುತ್ತವೆಂಬ ಭರವಸೆಯಿಲ್ಲ. ಕಚೇರಿ ಬಿಡುವ ಮೊದಲು ಅವನು ಅಳತೆಯ ಟೇಪು ತಂದ. ಒಂದು ತುದಿಯನ್ನು ಸ್ವಿಚ್ಚಿನ ಹತ್ತಿರ ಲೈಬ್ರರಿ ಅಕ್ಕ ಹಿಡಿದರು, ಇನ್ನೊಂದನ್ನು ಸ್ಕೇಲು ಮಾಸ್ತರು ಗೋಡೆಯ ಗುಂಟ ಎಳೆದುಕೊಂಡು, ಮೆಟ್ಟಿಲಿಳಿದು, ಅಂಗಳ ದಾಟಿ, ನೆಲಮಾಳಿಗೆಯ ಮೇಜಿನವರೆಗೆ ತುಂಡುತುಂಡಾಗಿ ಅಳೆದರು. ವೈರಣ್ಣ ಪ್ರತಿ ತುಂಡನ್ನೂ ಬರೆದುಕೊಂಡು ಎರಡು ಸಲ ಕೂಡಿದ.

ಒಟ್ಟು ನೂರ ನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್.